ಜುಲೈಯಲ್ಲಿ ನೋಡಿ ಕೊಂಡ ಮನೆ

ಮಡಿಕೇರಿಯಲ್ಲೊಂದು ಮನೆ ಇರಬೇಕೆಂಬ ಆಸೆ ಹೆಚ್ಚಿನವರಿಗೆ ಹುಟ್ಟುವುದು ಡಿಸೆಂಬರಿನಲ್ಲಿ. ಬೆಳಗ್ಗೆ ರಾಜಾಸೀಟಿಗೆ ಹೋದರೆ ಕೆಳಗಿನ ಕಣಿವೆಯೆಲ್ಲ ಮಂಜು ತುಂಬಿ, ಬೆಟ್ಟಗಳ ನೆತ್ತಿ ಮಾತ್ರ ಕಾಣುತ್ತಿರುತ್ತದೆ. ಒಂಬತ್ತು ಗಂಟೆಗೆ ಎಳೆಬಿಸಿಲು. ತೋಟಗಳಲ್ಲಿ ಕಾಫಿ ಹಣ್ಣಾಗಿ ಗಿಡಗಳೆಲ್ಲ ಕೆಂಪು. ಸಂಜೆಗೆ ಸ್ವೆಟರು ಹುಡುಕುವಷ್ಟು ಹಿತವಾದ ಚಳಿ. ಬೆಂಗಳೂರಿನಿಂದ ಎರಡು ದಿನಕ್ಕೆಂದು ಬಂದವರು ಹೊರಡುವ ಮುಂಚೆ ಹೋಟೆಲಿನ ಹುಡುಗನನ್ನು, “ಇಲ್ಲಿ ಯಾವುದಾದರೂ ಹಳೇ ಮನೆ ಮಾರಾಟಕ್ಕಿದೆಯಾ?” ಎಂದು ಕೇಳಿಯೇ ಕೇಳುತ್ತಾರೆ. ನಾನೂ ನನ್ನ ಹೆಂಡತಿಯೂ ಹಾಗೆ ಕೇಳಿದವರೇ.

ಆದರೆ ಈ ಊರಿನ ನಿಜವಾದ ಋತು ಮಳೆಗಾಲ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬರುವಷ್ಟು ಮಳೆ ಇಲ್ಲಿ ಹೆಚ್ಚುಕಡಿಮೆ ಜುಲೈ ಒಂದೇ ತಿಂಗಳಲ್ಲಿ ಸುರಿದುಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಅರಬ್ಬೀ ಸಮುದ್ರದಿಂದ ಬರುವ ಮೋಡಗಳಿಗೆ ಎದೆಯೊಡ್ಡಿ ಕುಳಿತ ಊರು ಇದು. ಇಲ್ಲಿಯವರು ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ ಲೆಕ್ಕ ಹಾಕುತ್ತಾರೆ. ತೋಟ ಇರುವವರ ಮನೆಯಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಗ್ಗೆ ಎದ್ದು ಅದರ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಅಪ್ಪನಿಂದ ಮಗನಿಗೆ ಬಂದ ಕೆಲಸ. ದಾರಿಯಲ್ಲಿ ಇಬ್ಬರು ಎದುರಾದರೆ “ನಿಮ್ಮ ಕಡೆ ಎಷ್ಟು?” ಎನ್ನುವುದೇ ಮೊದಲ ಮಾತು. ಎಷ್ಟು ಏನು ಎಂದು ಯಾರೂ ವಿವರಿಸುವುದಿಲ್ಲ.

ನಮಗೆ ಮನೆ ಕೊಟ್ಟವರು ನಿವೃತ್ತ ಶಾಲಾ ಶಿಕ್ಷಕಿ. ಕೇರಿಯವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಮಕ್ಕಳು ಇಬ್ಬರೂ ದೂರದ ಊರುಗಳಲ್ಲಿ; ಒಬ್ಬರೇ ಇಷ್ಟು ದೊಡ್ಡ ಮನೆಯನ್ನು ಮಳೆಗಾಲದಲ್ಲಿ ಕಾಯುವುದು ಕಷ್ಟವಾಗಿತ್ತು. ಚಳಿಗಾಲದ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಮನೆಯನ್ನೆಲ್ಲ ತೋರಿಸಿದರು. ನಾವು ಬೆಲೆಯ ಮಾತು ಎತ್ತಿದಾಗ ಕೈ ಅಡ್ಡ ಹಿಡಿದರು.

“ಈಗ ಬೆಲೆ ಮಾತಾಡುವುದು ಬೇಡ. ಜುಲೈಯಲ್ಲಿ ಬನ್ನಿ, ನಾಲ್ಕು ದಿವಸ ನಮ್ಮಲ್ಲೇ ಉಳಿಯಿರಿ. ಆಮೇಲೂ ಬೇಕು ಅನ್ನಿಸಿದರೆ ಮಾತಾಡುವ.”

ಮಾರುವವರೇ ಹೀಗೆ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮಗೆ ಆ ಮನೆಯ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದ.

ಜುಲೈಯಲ್ಲಿ ಹೋದೆವು. ಕುಶಾಲನಗರದವರೆಗೆ ಬರಿಯ ತುಂತುರು. ಅಲ್ಲಿಂದ ಘಟ್ಟ ಏರುತ್ತ ಏರುತ್ತ ಮಳೆ ದಪ್ಪವಾಯಿತು, ಸುಂಟಿಕೊಪ್ಪ ದಾಟಿದ ಮೇಲೆ ವೈಪರಿಗೆ ಬಿಡುವಿಲ್ಲ. ಮಡಿಕೇರಿಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನವೇ ದೀಪ ಹಚ್ಚಿದ್ದರು. ಟೀಚರ್ ನಮ್ಮನ್ನು ಒಳಗೆ ಕರೆದು ಬಟ್ಟೆ ಬದಲಿಸಲು ಹೇಳಿದವರು, ಮಳೆ ಸ್ವಲ್ಪ ಇಳಿದ ಕೂಡಲೇ ಕೈಗೆ ಕೊಡೆ ಕೊಟ್ಟು ಹಿತ್ತಲಿಗೆ ಕರೆದೊಯ್ದರು. “ಮನೆ ಆಮೇಲೆ ನೋಡಿ. ಮೊದಲು ಬರೆ ನೋಡಿ” ಎಂದರು.

ಬರೆ ಎಂದರೆ ಗುಡ್ಡವನ್ನು ಕಡಿದಾಗ ಉಳಿಯುವ ಮಣ್ಣಿನ ಗೋಡೆ. ಮಡಿಕೇರಿಯಲ್ಲಿ ಸಮತಟ್ಟು ಜಾಗ ಎನ್ನುವುದು ಕೋಟೆಯ ಒಳಗೋ ಮೈದಾನದಲ್ಲೋ ಮಾತ್ರ. ಉಳಿದ ಮನೆಗಳೆಲ್ಲ ಇಳಿಜಾರಿನಲ್ಲಿ ನಿಂತಿವೆ. ಹೆಚ್ಚಿನ ಮನೆಗಳ ಹಿಂದೆ ಒಂದು ಬರೆ, ಮುಂದೆ ಇನ್ನೊಬ್ಬರ ಮನೆಯ ಸೂರು. ಹಳಬರು ಗುಡ್ಡದ ಓರೆಗೆ ಹೊಂದಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಜಾಗ ಮಾಡಿ, ಚಿಕ್ಕ ಅಡಿಪಾಯದ ಮೇಲೆ ಮನೆ ಕಟ್ಟಿದರು. ಈಚಿನವರು ಜೆಸಿಬಿ ತರಿಸಿ ಗುಡ್ಡವನ್ನು ಹಲ್ವ ಕೊಯ್ದ ಹಾಗೆ ನೇರಕ್ಕೆ ಕೊಯ್ದು, ಆ ಮಣ್ಣನ್ನೇ ಕೆಳಕ್ಕೆ ತಳ್ಳಿ ಅಂಗಳ ಮಾಡಿಕೊಳ್ಳುತ್ತಾರೆ. ಕೊಯ್ದ ಕಡೆ ಆಸರೆ ಹೋಯಿತು, ತಳ್ಳಿದ ಕಡೆ ಸಡಿಲ ಮಣ್ಣಿನ ಭಾರ ಕೂತಿತು. ಬೇಸಗೆಯಲ್ಲಿ ಎರಡೂ ಗಟ್ಟಿಯಾಗಿಯೇ ಕಾಣುತ್ತವೆ.

ಟೀಚರ್ ತೋರಿಸಿದ ಬರೆ ಆಳೆತ್ತರದ್ದು. ಕಡಿದು ಎಷ್ಟೋ ಕಾಲವಾಗಿ ಜರೀಗಿಡ ಮತ್ತು ಹಾವಸೆ ಮುಚ್ಚಿತ್ತು. ಅದರ ಬುಡದಲ್ಲಿ ಕಲ್ಲು ಕಟ್ಟಿದ ಚರಂಡಿ, ಅದರಲ್ಲಿ ತಿಳಿನೀರು ಜುಳುಜುಳು ಹರಿಯುತ್ತಿತ್ತು. ನೀರಿನ ಬಣ್ಣ ನೋಡಲು ಹೇಳಿದರು. ಬರೆಯಿಂದ ತಿಳಿನೀರು ಬಂದರೆ ಹೆದರಬೇಕಾಗಿಲ್ಲ. ಇದ್ದಕ್ಕಿದ್ದಂತೆ ಕೆಂಪು ನೀರು ಬಂದರೆ, ಹಿಂದೆಂದೂ ಇಲ್ಲದ ಕಡೆ ಒರತೆ ಎದ್ದರೆ, ಅಂಗಳದಲ್ಲಿ ಬಿರುಕು ಬಿಟ್ಟರೆ, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಕಚ್ಚಿಕೊಂಡರೆ, ಮರ ಒಂದೇ ಕಡೆಗೆ ವಾಲಿದರೆ, ಒಂದು ಗಳಿಗೆಯೂ ನಿಲ್ಲದೆ ಮನೆ ಬಿಡಬೇಕು. ಹೊಸ ತಡೆಗೋಡೆ ಇರುವ ಮನೆ ಕೊಳ್ಳುವವರು ಅದರಲ್ಲಿ ನೀರು ಬಸಿಯಲು ತೂತು ಬಿಟ್ಟಿದ್ದಾರೆಯೇ, ಮಳೆಯಲ್ಲಿ ಅವುಗಳಿಂದ ನೀರು ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ಗೋಡೆಯ ಹಿಂದೆ ನಿಂತ ನೀರಿಗೆ ದಾರಿಯಿಲ್ಲದಿದ್ದರೆ ಎಂಥ ಕಾಂಕ್ರೀಟೂ ತಡೆಯುವುದಿಲ್ಲ. ಇದೊಂದೂ ಡಿಸೆಂಬರಿನಲ್ಲಿ ಗೊತ್ತಾಗುವ ಸಂಗತಿಯಲ್ಲ.

ಟೀಚರ್ ಇಷ್ಟು ಒತ್ತಿ ಹೇಳಲು ಕಾರಣ 2018ರ ಆಗಸ್ಟ್. ಆ ತಿಂಗಳ ಮಧ್ಯದಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಒಂದರ ಹಿಂದೊಂದು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ. ತೋಟ, ಗದ್ದೆ, ಮನೆ ಎಲ್ಲ ಕೆಸರಾಗಿ ಕೆಳಗಿಳಿದವು. ಪೇಟೆಯೊಳಗೂ ಇಂದಿರಾನಗರ, ಚಾಮುಂಡೇಶ್ವರಿನಗರದ ಇಳಿಜಾರಿನಲ್ಲಿ ಮನೆಗಳು ಹೋದವು. ಮಂಗಳೂರು ರಸ್ತೆ ಕಡಿದುಹೋಯಿತು. ಆ ವರ್ಷದ ಮಳೆ ವಿಪರೀತವಾಗಿತ್ತು, ನಿಜ. ಆದರೆ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ನೀರಿನ ಸಹಜ ದಾರಿಗಳನ್ನು ಮುಚ್ಚಿದ್ದೂ ಈ ಅನಾಹುತಕ್ಕೆ ಕಾರಣವೆಂದು ನೋಡಲು ಬಂದ ಭೂವಿಜ್ಞಾನಿಗಳೂ ಹೇಳಿದರು. ನೆಲೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಹೊಸ ಮನೆಗಳಾದವು. ಕಾಫಿ ತೋಟದ ನಡುವೆ ಹುಟ್ಟಿ ಬೆಳೆದವರು ಸಾಲುಮನೆಗಳಿಗೆ ಬಂದು ನೆಲೆಸಿದರು. ಮಡಿಕೇರಿಯಲ್ಲಿ ಮನೆ ಕೊಳ್ಳುವ ಮಾತಾಡುವವರು ಒಮ್ಮೆ ಆ ಸಾಲುಮನೆಗಳ ಬೀದಿಯಲ್ಲಿ ನಡೆದು ಬರಬೇಕೆಂದು ನನಗೆ ಅನ್ನಿಸುತ್ತದೆ.

ಕಾಗದಪತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಕೊಡಗಿನ ಭೂಮಿಯ ಲೆಕ್ಕವೇ ಬೇರೆ. ಜಮ್ಮಾ ಹಿಡುವಳಿ ಅರಸರ ಕಾಲದಿಂದ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದದ್ದು. ಪಹಣಿಯಲ್ಲಿ ಪಟ್ಟೇದಾರನೊಬ್ಬನ, ಅಂದರೆ ಕುಟುಂಬದ ಯಜಮಾನನ, ಹೆಸರಿದ್ದರೂ ಹಕ್ಕು ಒಕ್ಕದ, ಅಂದರೆ ಮನೆತನದ, ಎಲ್ಲರದು. ಪಟ್ಟೇದಾರ ತೀರಿಹೋಗಿ ತಲೆಮಾರು ಕಳೆದರೂ ಅವನ ಹೆಸರೇ ಉಳಿದಿರುವುದುಂಟು. ಗದ್ದೆಗೆ ಹೊಂದಿಕೊಂಡು ಸೌದೆ, ಸೊಪ್ಪಿಗೆಂದು ಬಿಟ್ಟ ಬಾಣೆ ಜಾಗವನ್ನು ಸೈಟು ಮಾಡಿ ತೋರಿಸುವವರಿದ್ದಾರೆ. ಇಂಥ ಜಾಗಕ್ಕೆ ಕೈ ಹಾಕುವ ಮುಂಚೆ ಮಡಿಕೇರಿಯ ವಕೀಲರೊಬ್ಬರ ಮುಂದೆ ಎಲ್ಲ ಕಾಗದ ಹರಡಿ ಕೂರಬೇಕು, ಬೆಂಗಳೂರಿನ ವಕೀಲರಿಗೆ ಇದರ ಒಳಸುಳಿ ತಿಳಿಯುವುದು ಕಷ್ಟ. ಪೇಟೆಯೊಳಗಿನ ಹಳೆಯ ಮನೆಯಾದರೆ ಕೆಲಸ ಹಗುರ: ಮೂಲಪತ್ರ, ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.), ನಗರಸಭೆಯ ಖಾತೆ, ಫಾರಂ 3, ವಂಶವೃಕ್ಷ, ಎಲ್ಲ ಮಕ್ಕಳ ಸಹಿ. ಸರ್ವೆಯವರನ್ನು ಕರೆಸಿ ಗಡಿ ಅಳೆಸುವುದನ್ನು ಮರೆಯಬಾರದು, ಇಳಿಜಾರಿನಲ್ಲಿ ಮೇಲಿನವರ ಚರಂಡಿ ಎಲ್ಲಿ ಮುಗಿಯುತ್ತದೆ ಎನ್ನುವುದೂ ಗಡಿಯ ಪ್ರಶ್ನೆಯೇ.

ಮನೆಯ ಮಾತಿಗೆ ಬರುತ್ತೇನೆ. ಕಲ್ಲು, ಮಣ್ಣು, ಸುಣ್ಣದಲ್ಲಿ ಎದ್ದ ದಪ್ಪ ಗೋಡೆಗಳು. ಬೀಟೆಯ ಬಾಗಿಲು, ಒಳಗೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಪಕಾಸು, ರೀಪು, ಮಂಗಳೂರು ಹೆಂಚು. ಮನೆ ನಮ್ಮದಾದ ಮೇಲೆ, ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಲು ಆಚಾರಿಯ ಜೊತೆ ನಾನೂ ಏಣಿ ಹತ್ತಿದೆ. ಅವರು ಒಂದೊಂದೇ ಹೆಂಚು ತೆಗೆದು, ಹಾವಸೆ ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಠಣ್ಣೆಂದದ್ದನ್ನು ಒಂದು ಕಡೆ, ಮಂಕಾಗಿ ಸದ್ದು ಮಾಡಿದ್ದನ್ನು ಇನ್ನೊಂದು ಕಡೆ ಇಡುತ್ತಿದ್ದರು. ಒಂದರ ಬೆನ್ನಿನಲ್ಲಿ ಬಾಸೆಲ್ ಮಿಷನ್ನಿನ ಅಚ್ಚು ಕಂಡಿತು. ಮಂಗಳೂರಿನಲ್ಲಿ ಆ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಕರಾವಳಿಯ ಜೇಡಿ ಬೆಂದು ಹೆಂಚಾಗಿ, ಸಂಪಾಜೆ ಘಟ್ಟ ಹತ್ತಿ ಬಂದು, ಇಷ್ಟು ಕಾಲದ ಮಳೆಯನ್ನೆಲ್ಲ ತನ್ನ ಮೇಲೆ ಹರಿಸಿಕೊಂಡು ಇನ್ನೂ ಠಣ್ಣೆನ್ನುತ್ತಿದೆ. ಆಚಾರಿ ಅದನ್ನು ಇದ್ದ ಜಾಗದಲ್ಲೇ ಕೂರಿಸಿ, “ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಯ್ತು ಸಾರ್” ಎಂದರು. ಆ ಮಾತು ಕೇಳಿ ನನಗೆ ಮನೆಯ ನೋಂದಣಿ ಇನ್ನೊಮ್ಮೆ ಆದಷ್ಟು ಖುಷಿಯಾಯಿತು.

ಹೆಂಚಿನ ಕೆಳಗೆ ಮಲಗಿ ಮಳೆ ಕೇಳುವುದಕ್ಕೆ ಸಮನಾದ ಸುಖ ನನಗೆ ಗೊತ್ತಿಲ್ಲ. ಮೊದಲು ದೂರದ ಗುಡ್ಡದ ಮೇಲೆ ಹೊಯ್ಯೆಂದು ಸದ್ದು ಏಳುತ್ತದೆ. ಅದು ಕಣಿವೆ ದಾಟಿ, ಸಿಲ್ವರ್ ಓಕ್ ಮರಗಳನ್ನು ತೂಗಿ, ಮೇಲಿನ ಮನೆಯ ತಗಡಿನ ಮೇಲೆ ಬಡಿದು, ಆಮೇಲೆ ನಮ್ಮ ಹೆಂಚಿಗೆ ಬರುತ್ತದೆ. ಜಡಿಮಳೆಯ ರಾತ್ರಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಮಾತಾಡುವ ಅಗತ್ಯವೂ ತೋರುವುದಿಲ್ಲ. ಗಾಳಿ ಜೋರಾದರೆ ಹೆಂಚಿನ ಸಂದಿಯಿಂದ ಸೂಕ್ಷ್ಮವಾದ ಎರಚಲು ಅಟ್ಟಕ್ಕೆ ಇಳಿಯುತ್ತದೆ, ಅದರ ಜೊತೆಗೆ ಒದ್ದೆ ಮಣ್ಣಿನ, ಹಳೆಯ ಮರದ ವಾಸನೆ. ಕಾಂಕ್ರೀಟು ಚಾವಣಿಯ ಕೆಳಗೆ ಮಲಗಿದವರಿಗೆ ಮಳೆ ಬಂದದ್ದು ಬೆಳಗ್ಗೆ ರಸ್ತೆ ನೋಡಿದ ಮೇಲಷ್ಟೇ ತಿಳಿಯುತ್ತದೆ.

ಮಳೆಗಾಲದ ಮನೆಗೆ ಕೆಲಸ ಬಹಳ. ಪಡುವಣ ಗೋಡೆಗೆ ತಗಡು ಕಟ್ಟಬೇಕು. ಮೂರು ತಿಂಗಳ ಸೌದೆಯನ್ನು ಮೇ ಒಳಗೆ ಒಟ್ಟಿಕೊಳ್ಳಬೇಕು. ಬಟ್ಟೆ ತೊಳೆದರೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಆದ್ದರಿಂದ ಮನೆಯವರೆಲ್ಲರ ಅಂಗಿಯಲ್ಲೂ ತೆಳುವಾದ ಹೊಗೆಯ ವಾಸನೆ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಸ್ಟು. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಗಾಳಿಗೆ ಮರ ಬಿದ್ದರೆ ಕರೆಂಟು ಎಂದು ಬರುತ್ತದೋ ಹೇಳುವಂತಿಲ್ಲ, ಮೊಂಬತ್ತಿ, ಟಾರ್ಚು, ಬ್ಯಾಟರಿ ರೇಡಿಯೋ ಕೈಗೆ ಸಿಗುವಲ್ಲಿರಬೇಕು. ಆಗ ಆಕಾಶವಾಣಿ ಮಡಿಕೇರಿ ಕೇಂದ್ರವೇ ಊರಿನ ಧ್ವನಿ. ಬೆಳಗ್ಗೆ ಒದ್ದೆಯಾಗಿ ಬರುವ ‘ಶಕ್ತಿ’ ಪತ್ರಿಕೆಯಲ್ಲಿ ಯಾವ ಹೋಬಳಿಗೆ ಎಷ್ಟು ಇಂಚು, ಯಾವ ರಸ್ತೆಯಲ್ಲಿ ಬರೆ ಜರಿದಿದೆ ಎಂದು ಓದಿದ ಮೇಲೆಯೇ ದಿನ ಶುರು. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹಂಡೆಯ ಒಲೆಯ ಮುಂದೆ ಕೂತು ಆ ಪತ್ರಿಕೆ ಓದುವ ಹೊತ್ತನ್ನು ನಾನು ಯಾವ ಊರಿನ ಯಾವ ಬೆಳಗಿಗೂ ಬದಲಾಯಿಸಿಕೊಳ್ಳಲಾರೆ.

ಶುಕ್ರವಾರ ಸಂತೆ. ಮಳೆ ಎಷ್ಟೇ ಇರಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸಂತೆ ಕೂಡುತ್ತದೆ. ಜುಲೈಯಲ್ಲಿ ಕಣಿಲೆ ಬರುತ್ತದೆ. ಎಳೆಬಿದಿರನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು, ಆಮೇಲೆ ಪಲ್ಯವೋ ಸಾರೋ. ಕಾಡಿನ ಅಣಬೆ ಬರುವುದು ಕೆಲವೇ ದಿನ, ತಂದವರು ಬುಟ್ಟಿ ಇಳಿಸುವ ಮುಂಚೆ ಖಾಲಿ. ಕೆಸುವಿನ ಎಲೆ, ಬೆಣ್ಣೆಹಣ್ಣು, ಹೊಳೆಯ ಏಡಿ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದುಸೊಪ್ಪಿನ ಕಟ್ಟುಗಳು ಬರುತ್ತವೆ. ಆ ದಿನ ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧದ ಗುಣ ಸೇರಿರುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಕುದಿಸಿದರೆ ನೀರು ಕಡುನೇರಳೆಯಾಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ನಾವು ಬಂದ ಮೊದಲ ಕಕ್ಕಡದಲ್ಲಿ ಮೇಲಿನ ಮನೆಯ ಅಜ್ಜಿ ಕೊಡೆ ಹಿಡಿದು, ಜಾರುವ ಮೆಟ್ಟಿಲು ಇಳಿದು ಬಂದು, “ಮಗಾ, ಬಿಸಿ ಇರುವಾಗಲೇ ತುಪ್ಪ ಹಾಕಿ ತಿನ್ನಿ” ಎಂದು ಪಾಯಸದ ಪಾತ್ರೆ ಕೊಟ್ಟು ಹೋದರು. ಆ ದಿನದಿಂದ ನಾವು ಆ ಕೇರಿಯವರಾದೆವು.

ಊರು ಚಿಕ್ಕದು. 2011ರ ಜನಗಣತಿಯಲ್ಲಿ 33 ಸಾವಿರ ಚಿಲ್ಲರೆ ಜನ. ಆದರೆ ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಊರು, ಆ ಗಾಂಭೀರ್ಯ ಇನ್ನೂ ಉಳಿದಿದೆ. ಹಾಲೇರಿ ವಂಶದ ಮುದ್ದುರಾಜ 17ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು, ಆ ಕತೆಯನ್ನು ಮಾಸ್ತಿಯವರ ಕಾದಂಬರಿಯಲ್ಲಿ ಓದಿದವರಿಗೆ ಈ ಕೋಟೆಯ ಅಂಗಳದಲ್ಲಿ ಸುಮ್ಮನೆ ನಡೆದು ಹೋಗಲು ಆಗುವುದಿಲ್ಲ. 1956ರ ನವೆಂಬರಿನವರೆಗೆ ಕೊಡಗು ತನ್ನದೇ ಆದ ರಾಜ್ಯವಾಗಿತ್ತು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ಗುಡಿಗೆ ಗುಮ್ಮಟವಿದೆ, ಮೂಲೆಗಳಲ್ಲಿ ಮಿನಾರುಗಳಿವೆ, ಎದುರಿಗೆ ಕೆರೆ. ಮಳೆಯಲ್ಲಿ ಆ ಕೆರೆಯ ಮೆಟ್ಟಿಲ ಮೇಲೆ ನಿಂತು ನೋಡಬೇಕು. ‘ಹುತ್ತರಿ ಹಾಡು’ ಬರೆದ ಪಂಜೆ ಮಂಗೇಶರಾಯರು ಇಲ್ಲಿ ಮೇಷ್ಟ್ರಾಗಿದ್ದರು. ಕತೆಗಾರ್ತಿ ಕೊಡಗಿನ ಗೌರಮ್ಮ ಹುಟ್ಟಿದ್ದು ಇಲ್ಲಿ, 1912ರಲ್ಲಿ. ಇಪ್ಪತ್ತೇಳನೆಯ ವಯಸ್ಸಿಗೆ ನೀರಿನಲ್ಲಿ ಮುಳುಗಿ ತೀರಿಹೋದ ಆ ಹೆಣ್ಣುಮಗಳು ಅಷ್ಟರೊಳಗೆ ಬರೆದಿಟ್ಟ ಕತೆಗಳನ್ನು ಈ ಊರಿನ ಮಳೆಯಲ್ಲಿ ಕೂತು ಓದಿದ್ದು ನನ್ನ ಭಾಗ್ಯ.

ಹಳೆಯ ಮನೆಯನ್ನು ಉಳಿಸಿದರೆ ಏನಾಗುತ್ತದೆ ಎನ್ನುವುದಕ್ಕೂ ಊರಿನಲ್ಲೇ ಸಾಕ್ಷಿಯಿದೆ. ಜನರಲ್ ತಿಮ್ಮಯ್ಯನವರು ಬೆಳೆದ ‘ಸನ್ನಿಸೈಡ್’ ಬಹುಕಾಲ ಸರ್ಕಾರಿ ಕಚೇರಿಯಾಗಿತ್ತು. ದುರಸ್ತಿ ಮಾಡಿ, 2021ರಲ್ಲಿ ಸ್ಮಾರಕ ಮ್ಯೂಸಿಯಮ್ಮಾಗಿ ತೆರೆದರು. ನೆಂಟರು ಬಂದರೆ ನಾನು ಮೊದಲು ಅಲ್ಲಿಗೆ ಕರೆದೊಯ್ಯುತ್ತೇನೆ.

ಮಳೆ ಹಿಂದೆಗೆದ ಮೇಲೆ ದಸರಾ. ನಾಲ್ಕು ಶಕ್ತಿದೇವತೆಗಳ ಕರಗ ಪಂಪಿನ ಕೆರೆಯಿಂದ ಹೊರಟ ದಿನದಿಂದ ಊರಿನ ಹುಡುಗರು ಮನೆ ಸೇರುವುದಿಲ್ಲ, ಮೆರವಣಿಗೆಯ ಮಂಟಪಗಳನ್ನು ಸಜ್ಜುಮಾಡುವ ಕೆಲಸ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೆಳಗಿನ ತನಕ ಬೀದಿಯಲ್ಲಿ. ಮಹದೇವಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಕಷ್ಟಗಳನ್ನು ಮುಚ್ಚಿಡಲಾರೆ. ಜಿಲ್ಲೆಗೇ ರೈಲಿಲ್ಲ. ವೈದ್ಯಕೀಯ ಕಾಲೇಜು ಬಂದಿದ್ದರೂ ದೊಡ್ಡ ಕಾಯಿಲೆಗೆ ಮೈಸೂರಿಗೋ ಮಂಗಳೂರಿಗೋ ಓಡಬೇಕು, ಮೈಸೂರು 120 ಕಿಲೋಮೀಟರ್. ಇಷ್ಟು ಮಳೆ ಬೀಳುವ ಊರಿನಲ್ಲೂ ಬೇಸಗೆಯಲ್ಲಿ ಕೂಟುಹೊಳೆಯ ನೀರು ತಗ್ಗಿದರೆ ನಲ್ಲಿ ದಿನಬಿಟ್ಟು ದಿನ. ಮಂಡಿನೋವಿದ್ದವರಿಗೆ ಏರು ಇಳಿತ ಒಗ್ಗುವುದಿಲ್ಲ. ವಯಸ್ಸಾದ ಮೇಲೆ ನೆಮ್ಮದಿಯಾಗಿರಲು ಬೆಟ್ಟದೂರು ಹುಡುಕುವವರು ಇವನ್ನು ಮೊದಲೇ ಯೋಚಿಸಬೇಕು.

ಆದರೆ ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೆ. ನಮ್ಮ ದಾರಿಯಲ್ಲಿ ಮುಚ್ಚಿದ ಮನೆಗಳು ಹೆಚ್ಚುತ್ತಿವೆ. ಡಿಸೆಂಬರಿನಲ್ಲಿ ನೋಡಿ ಮೆಚ್ಚಿ ಕೊಂಡವರು ಬೀಗ ಹಾಕಿ ಹೋಗಿದ್ದಾರೆ. ಒಲೆ ಉರಿಯದ ಮನೆ ಎರಡು ಮಳೆಗಾಲದಲ್ಲಿ ಕುಗ್ಗಿಬಿಡುತ್ತದೆ. ಜಾರಿದ ಒಂದು ಹೆಂಚನ್ನು ಸರಿಪಡಿಸುವವರಿಲ್ಲದೆ ಪಕಾಸು ಕೊಳೆಯುತ್ತದೆ, ಆಮೇಲೆ ಗೋಡೆ. ಚರಂಡಿಯಲ್ಲಿ ತುಂಬಿದ ಎಲೆ ತೆಗೆಯುವವರಿಲ್ಲದೆ ನೀರು ಕೆಳಗಿನ ಮನೆಯ ಬರೆಗೆ ಇಳಿಯುತ್ತದೆ. ಇತ್ತ ಬೆಲೆ ಏರಿ, ಇಲ್ಲೇ ಹುಟ್ಟಿದ ಅಂಗಡಿಯವರು, ಆಟೋದವರು, ನರ್ಸುಗಳು ತಮ್ಮ ಊರಿನಲ್ಲೇ ಬಾಡಿಗೆ ಮನೆ ಸಿಗದೆ ದೂರ ಹೋಗುತ್ತಿದ್ದಾರೆ. ಅವರಿಲ್ಲದ ಮಡಿಕೇರಿಯಲ್ಲಿ ಮಂಜು ಇರುತ್ತದೆ, ಸಂತೆ ಇರುವುದಿಲ್ಲ, ಮಂಟಪ ಹೊರಡುವುದಿಲ್ಲ.

ಆದ್ದರಿಂದ ಈ ಊರಿಗೆ ಬರುವ ಮನಸ್ಸಿರುವವರಲ್ಲಿ ನನ್ನದೊಂದು ಕೇಳಿಕೆ. ಹೊಸದಾಗಿ ಗುಡ್ಡ ಕಡಿಸಬೇಡಿ. ಇರುವ ಹಳೆಯ ಮನೆಗಳಲ್ಲಿ ಒಂದನ್ನು ಹುಡುಕಿ ರಿಪೇರಿ ಮಾಡಿಸಿ. ಅದನ್ನು ಜುಲೈಯಲ್ಲಿ ಬಂದು ನೋಡಿ. ವರ್ಷದಲ್ಲಿ ಮಳೆಗಾಲವಾದರೂ ಒಲೆ ಹಚ್ಚಿ ಇರಲು ಆಗುವುದಿಲ್ಲವೆಂದಾದರೆ ಕೊಳ್ಳಲೇಬೇಡಿ, ಅದನ್ನು ಇಲ್ಲಿಯೇ ಇರುವವರಿಗೆ ಬಿಟ್ಟುಬಿಡಿ.